ಮದುವೆ ಸೀಸನ್ನಿನ ಬ್ರೇಕ್‌ಡೌನ್

ಮದುವೆ ಸೀಸನ್ ಬಂತೆಂದರೆ ನಮ್ಮ ಕಡೆಯ ಬಸ್ಸುಗಳಿಗೆ ಎಲ್ಲಿಲ್ಲದ ರೋಗ ಅಂಟಿಕೊಳ್ಳುತ್ತದೆ. ಮಳೆಗಾಲದ ಹೊಂಡಗಳಲ್ಲಿ ಮೈ ಮುರಿದುಕೊಂಡು ಓಡಿದ ಗಾಡಿ ಏಪ್ರಿಲ್ ತಿಂಗಳ ಒಳ್ಳೆಯ ಮುಹೂರ್ತದ ದಿನ ಸರಿಯಾಗಿ ಕ್ಲಚ್ ಹೋಯಿತು, ಗೇರ್ ಬೀಳುತ್ತಿಲ್ಲ ಎಂದು ಮಲಗುತ್ತದೆ. ಮಧ್ಯಾಹ್ನ ನೋಡಿದರೆ ಅದೇ ಗಾಡಿ ಯಾವುದೋ ಕಲ್ಯಾಣಮಂಟಪದ ಅಂಗಳದಲ್ಲಿ ಕನ್ನಡಿಗೆ ಸೇವಂತಿಗೆ ಮಾಲೆ ಹಾಕಿಕೊಂಡು ನಿಂತಿರುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಇದು ಗೊತ್ತಿಲ್ಲದ ಪ್ರಯಾಣಿಕನಿಲ್ಲ. ಬಸ್ ಎಲ್ಲಿ ಎಂದು ಕೇಳಿದರೆ ಯಾರಾದರೂ "ಮದಿಗ್ ಹೋಯ್ದ್" ಎನ್ನುತ್ತಾರೆ. ಕೇಳಿದವನು ಬೈದುಕೊಂಡು ಆಟೋ ಹತ್ತುತ್ತಾನೆ.

ಹಿಂದಿನ ದಿನವೇ ಹೇಳಿಬಿಟ್ಟರೆ ಏನಾಗುತ್ತದೆ ಎಂದು ಹೊರಗಿನವರು ಕೇಳಬಹುದು. ಹೇಳುವಂತಿಲ್ಲ. ನಮ್ಮಲ್ಲಿ ಬಸ್ಸಿಗಿಂತ ಬಸ್ಸಿನ ಟೈಮಿಂಗ್ ದೊಡ್ಡದು. ನಾಳೆ ಇಂಥ ಗಾಡಿ ಇಲ್ಲ ಎಂಬ ಸುದ್ದಿ ಸ್ಟ್ಯಾಂಡಿನಲ್ಲಿ ಹಬ್ಬಿದರೆ ಸಾಕು, ಆಚೆಯ ಮಾಲೀಕ ಆ ಹೊತ್ತಿಗೆ ತನ್ನ ಗಾಡಿ ತಂದು ನಿಲ್ಲಿಸುತ್ತಾನೆ. ಒಮ್ಮೆ ನಿಲ್ಲಿಸಿದವನು ಆಮೇಲೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಕೆಟ್ಟು ನಿಂತ ಗಾಡಿಯ ಟೈಮಿಂಗಿಗೆ ಮಾತ್ರ ಯಾರೂ ಕೈ ಹಾಕಬಾರದು, ಅದು ಈ ಲೈನಿನ ಮರ್ಯಾದೆ. ಹಾಗಾಗಿ ಡ್ರೈವರ್ ಅವತ್ತೇ ಬೆಳಿಗ್ಗೆ ಸ್ಟ್ಯಾಂಡಿನ ಟೈಮ್‌ಕೀಪರನಿಗೆ ಫೋನ್ ಮಾಡಿ "ಬ್ರೇಕ್‌ಡೌನ್" ಎನ್ನಬೇಕು. ಟೈಮ್‌ಕೀಪರ್ "ಅಯ್ಯೋ ಪಾಪ" ಎನ್ನಬೇಕು. ಇಬ್ಬರೂ ಫೋನ್ ಇಟ್ಟು ನಗಬೇಕು.

ಕುಂದಾಪುರದ ಸಾರಿಗೆ ಸಹಕಾರ ಸಂಘದ ಗಾಡಿಗಳಿಗೂ ಈ ರೋಗ ಇತ್ತು. ಒಂದಕ್ಕೆ ಮಾತ್ರ ಇರಲಿಲ್ಲ. ಗಂಗೊಳ್ಳಿಯಿಂದ ಬೆಳಗಿನ ಜಾವ ಹೊರಟು ಕುಂದಾಪುರ, ಕುಂಭಾಶಿ ದಾಟಿ ಬ್ರಹ್ಮಾವರ ಮುಟ್ಟುವ ಫಸ್ಟ್ ಬಸ್ಸನ್ನು ಮೆನೇಜರ್ ಚಂದಯ್ಯ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದು ಮೀನಿನ ಹೆಂಗಸರ ಬಸ್ಸು. ಬಂದರಿನ ಏಲಂನಲ್ಲಿ ಹರಾಜು ಕೂಗಿ ಮೀನು ಕೊಂಡು, ಬುಟ್ಟಿ ತುಂಬಿಸಿಕೊಂಡು, ಕೋಟ, ಸಾಲಿಗ್ರಾಮ, ಬ್ರಹ್ಮಾವರದ ಮನೆ ಮನೆಗಳಿಗೆ ಹೋಗುವವರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ಸಂಘದ ಉಳಿದ ಲೈನುಗಳು ಒಂದೊಂದಾಗಿ ಸೊರಗಿದವು. ಇದು ಸೊರಗಲಿಲ್ಲ. ಪುಕ್ಕಟೆ ಬಸ್ಸಿನಲ್ಲಿ ಹೆಂಗಸರಿಗೆ ಜಾಗ ಉಂಟು, ನೀರು ಸೋರುವ ಬುಟ್ಟಿಗೆ ಯಾರು ಜಾಗ ಕೊಡುತ್ತಾರೆ? ಸಂಘದ ಬಸ್ಸಿನಲ್ಲಿ ಹಿಂದಿನ ಎರಡು ಸಾಲು ಸೀಟು ಕಿತ್ತು ಬುಟ್ಟಿಗೆಂದೇ ಜಾಗ ಮಾಡಿದ್ದರು. ಹಾಗೆ ಮಾಡಿಸಿದವನು ಚಂದಯ್ಯನೇ.

ಆ ಬಸ್ಸಿನ ಡ್ರೈವರ್ ಕುಷ್ಟ. ಚಂದಯ್ಯ ಮೆನೇಜರ್ ಆಗುವ ಮೊದಲು ಕಂಡಕ್ಟರ್ ಆಗಿದ್ದ, ಆಗಲೂ ಅವನ ಡ್ರೈವರ್ ಕುಷ್ಟನೇ. ಹಿಂದಿನ ಬಾಗಿಲಲ್ಲಿ ಚಂದಯ್ಯನ ಸೀಟಿ, ಮುಂದೆ ಕುಷ್ಟನ ಸ್ಟೇರಿಂಗ್. ಬದುಕಿನ ಅರ್ಧ ಭಾಗ ಒಬ್ಬರ ಮುಖ ಒಬ್ಬರು ನೋಡದೆ, ಸೀಟಿಯಲ್ಲೇ ಮಾತಾಡಿಕೊಂಡು ಕಳೆದವರು. ಅವರ ಮಾಲೀಕ ಒಂದು ದಿನ ಇದ್ದಕ್ಕಿದ್ದಂತೆ ಗಾಡಿಗಳನ್ನೆಲ್ಲ ಮಾರಿ ಕೈತೊಳೆದುಕೊಂಡಾಗ, ಬೀದಿಗೆ ಬಿದ್ದ ಡ್ರೈವರ್, ಕಂಡಕ್ಟರುಗಳೆಲ್ಲ ಸೇರಿ ಹೆಂಡತಿಯರ ಕರಿಮಣಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಡವಿಟ್ಟು ಈ ಸಂಘ ಕಟ್ಟಿದರು. ಮಾಲೀಕರಿಲ್ಲದ ಬಸ್ಸು ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಆಮೇಲೆ ಬ್ಯಾಂಕಿನವರು ದೊಡ್ಡ ಮನುಷ್ಯರ ಜಾಮೀನು ಕೇಳಿದಾಗ ತಾವೇ ಹೋಗಿ, ಮುಂಬಯಿಯಲ್ಲಿ ಹೋಟೆಲುಗಳಿರುವ ಸುಧಾಕರ ಹೆಗ್ಡೆಯವರನ್ನು ಕೈಮುಗಿದು ಕರೆತಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಮಾಲೀಕರಿಲ್ಲದವರಿಗೆ ಕೈಯೆಲ್ಲ ಖಾಲಿ ಖಾಲಿ ಅನಿಸುತ್ತದೋ ಏನೋ.

ಆ ಹೆಗ್ಡೆಯವರು ಮೇ ತಿಂಗಳ ಮೊದಲ ವಾರ ಚಂದಯ್ಯನನ್ನು ಮನೆಗೆ ಕರೆಸಿದರು. ಮಗಳು ಸುಪ್ರೀತಾಳ ಮದುವೆ. ಬ್ರಹ್ಮಾವರದ ಹತ್ತಿರದ ಕಲ್ಯಾಣಮಂಟಪದಲ್ಲಿ. ನೆಂಟರಿಷ್ಟರನ್ನು ಒಯ್ಯಲು ಗಾಡಿ ಬೇಕು.

"ಬನಿ ಚಂದಯ್ಯ, ಕೂಕಣಿ" ಎಂದರು. "ನಂಗ್ ಹೊಸ ಗಾಡಿಯೇ ಆಯ್ಕ್. ಹಳೇ ಡಬ್ಬದಗೆ ಹೋಯಿ ಗಂಡಿನ್ ಕಡಿಯೋರ್ ಎದ್ರ್ ಇಳುಕಾತ್ತಾ?"

ಸಂಘದಲ್ಲಿ ಹೊಸತು ಅಂತ ಇದ್ದದ್ದು ಒಂದೇ. ಹೋದ ವರ್ಷ ತಂದು, ಆನೆಗುಡ್ಡೆಯಲ್ಲಿ ಪೂಜೆ ಮಾಡಿಸಿ, ಗಂಗೊಳ್ಳಿ ಲೈನಿಗೆ ಬಿಟ್ಟ ಗಾಡಿ.

"ಹೆಗ್ಡೇರೆ, ಬೇರೆ ಯಾವ್ದ್ ಬೇಕಾರೂ ತಕಣಿ" ಎಂದ ಚಂದಯ್ಯ. "ಅದನ್ ತಪ್ಸುಕಾತಿಲ್ಲ. ಹೆಂಗ್ಸ್ರ್ ಏಲಂನಗೆ ಮೀನ್ ತಕಂಡ್ ಕಾಯ್ತಾ ಇರ್ತ್ರ್."

"ಮೀನ್ ವಾಸ್ನಿ ಹೋಪಂಗ್ ತೊಳ್ಸಿ, ಒಂದಿನ ಬ್ರೇಕ್‌ಡೌನ್ ಅನ್ನಿ. ಒಂದಿನ ಮೀನ್ ತಿನ್ನದಿರೆ ಬ್ರಹ್ಮಾವರ್ದೋರ್ ಸತ್ತ್ ಹೋತ್ರಾ?" ಹೆಗ್ಡೆಯವರು ನಕ್ಕರು. ಆಮೇಲೆ ನಗು ನಿಲ್ಲಿಸದೆಯೇ ಹೇಳಿದರು, "ನಿಮ್ದ್ ಎಕ್ಸ್‌ಟೆನ್ಷನ್ ವಿಷ್ಯ ಬಪ್ಪ ತಿಂಗ್ಳ್ ಬೋರ್ಡಿಗೆ ಬತ್ತ್ ಅಲ್ದಾ? ನಮ್ ಸುಶಾಂತ ಬಾಂಬೆಂದ ಬಂದ್ ಸುಮ್ನೆ ಕೂಕಂಡಿದ್ದ. ಅವ್ನನ್ನೇ ಮೆನೇಜರ್ ಮಾಡಿ ಅಂಬ್ರ್ ಎಲ್ಲರೂ. ಚಂದಯ್ಯ ಇಪ್ಪಾಗ ಬ್ಯಾಡ ಅಂದೆ ನಾನ್."

ಸುಶಾಂತ ಹೆಗ್ಡೆಯವರ ತಂಗಿಯ ಮಗ. ಪರ್ಮಿಟ್ಟುಗಳನ್ನು ಒಳ್ಳೆಯ ಬೆಲೆಗೆ ಕೈದಾಟಿಸಿ, ಬಸ್ ನಿಲ್ಲುವ ಜಾಗದಲ್ಲಿ ಕಾಂಪ್ಲೆಕ್ಸ್ ಕಟ್ಟಬಹುದು ಎಂದು ಸಂಘದ ಆಫೀಸಿನಲ್ಲೇ ಕುಳಿತು ಹೇಳಿದ ಹುಡುಗ. ಚಂದಯ್ಯನಿಗೆ ಬರುವ ತಿಂಗಳು ವಯಸ್ಸಿನ ಗಡಿ ಮುಗಿಯುತ್ತಿತ್ತು. ತಾನು ಎದ್ದರೆ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಕೂತವನು ಏನು ಮಾಡುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಇನ್ನೊಂದು ಮಾತನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಅವನನ್ನು ದೇವರು ಮಾಡಿದಂತಾದೀತು. ಎದ್ದು ಮನೆಗೆ ಹೋದರೆ ತಾನು ಯಾರು ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದರೆ ಹತ್ತು ಕೈ ಮೇಲೇಳುತ್ತಿತ್ತು. ಆ ಕೈಗಳ ಆಸೆ ಕೆಟ್ಟದ್ದು.

"ಆಯ್ತ್" ಎಂದು ಎದ್ದು ಬಂದ.

ಕುಷ್ಟನಿಗೆ ಹೇಳಿದ್ದು ಸ್ಟ್ಯಾಂಡಿನ ಹಿಂದಿನ ಚಾ ಹೋಟೆಲಿನಲ್ಲಿ. ಕುಷ್ಟ ಗ್ಲಾಸನ್ನು ಕೆಳಗಿಟ್ಟ.

"ಬ್ಯಾಡ ಮಾರಾಯ. ಬಸ್ಸ್ ಬತ್ತ್ ಅಂಬು ಧೈರ್ಯದಗೆ ಅವ್ರ್ ಏಲಂ ಕೂಗುದ್. ಕಡಿಗೆ ಒಂದ್ ಮಾತ್ ಹೇಳಿಯಾರೂ ಬಿಡ್ವ."

"ಹೇಳ್ರೆ ಮುಗೀತ್. ಮಧ್ಯಾಹ್ನದ್ ಒಳ್ಗೆ ಆಚಿಯೋರಿಗ್ ಗೊತ್ತಾತ್ತ್. ನಾಡಿದ್ದಿಂದ ಆ ಟೈಮಿಂಗ್ ನಮ್ದಾ ಅವ್ರ್ದಾ?"

"ಹಾಂಗಾರೆ ನಾನಾ ಟೈಮ್‌ಕೀಪರ್ ಸುಬ್ಬನಿಗ್ ಫೋನ್ ಮಾಡಿ ಸುಳ್ಳ್ ಹೇಳ್ಕ್?"

"ಹೇಳು. ಹೇಳುಕ್ ಹೇಳಿದ್ದ್ ನಾನಲ್ದಾ? ಎಂತ ಬಂದ್ರೂ ನಾನ್ ಇದ್ದೆ."

ಕುಷ್ಟ ಗ್ಲಾಸನ್ನು ಮತ್ತೆ ಎತ್ತಿಕೊಂಡ. "ನೀ ಇದ್ರೆ ಆಯ್ತ್ ಮತ್ತೆ" ಎಂದು ಉಳಿದದ್ದನ್ನು ಕುಡಿದ.

ಮದುವೆಯ ದಿನ ಬೆಳಿಗ್ಗೆ ಗಂಗೊಳ್ಳಿ ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್ ಸುಬ್ಬ ಕುಷ್ಟನ ಫೋನ್ ಎತ್ತಿದ, ಕೇಳಿದ, ಇಟ್ಟ, ಕುಂದಾಪುರದ ಆಫೀಸಿಗೂ ಅದನ್ನೇ ತಿಳಿಸಿದ. ಕಾಯುತ್ತಿದ್ದ ಹೆಂಗಸರಿಗೆ "ಬ್ರೇಕ್‌ಡೌನ್ ಅಂಬ್ರ್" ಎಂದ. ಬೇರೆ ಯಾವುದೇ ಬಸ್ಸಾಗಿದ್ದರೆ ಅವರು ಅಲ್ಲೇ ನಕ್ಕು, ಎರಡು ಬೈಗುಳ ಬೈದು, ಒಂದು ಟೆಂಪೋ ಮಾಡಿಕೊಂಡು ಹೊರಟುಬಿಡುತ್ತಿದ್ದರು. ಆದರೆ ಇದು ಕುಷ್ಟನ ಬಸ್ಸು. ಮದುವೆಗೆ ಹೋಗದ ಬಸ್ಸು. ಅದು ಬ್ರೇಕ್‌ಡೌನ್ ಎಂದರೆ ಬ್ರೇಕ್‌ಡೌನೇ. ಅವರ ಹಿರಿಯಳು ವನಜ, "ಕುಷ್ಟಣ್ಣನ್ ಬಸ್ಸಲ್ದಾ, ಎಲ್ಲೋ ರಿಪೇರಿ ಮಾಡ್ತಾ ಇರ್ಕ್. ಈಗ್ ಬತ್ತ ಕಾಣಿ" ಎಂದಳು. ಎಲ್ಲರೂ ಬುಟ್ಟಿಯ ಪಕ್ಕ ಕೂತರು. ಆ ಹೊತ್ತಿಗೆ ಇದ್ದ ಒಂದೆರಡು ಟೆಂಪೋಗಳೂ ಬೇರೆಯವರ ಮಾಲು ಹೊತ್ತು ಹೋದವು. ನಂಬಿದ್ದೇ ಅವರು ಮಾಡಿದ ತಪ್ಪು.

ಮೇ ತಿಂಗಳ ಬಿಸಿಲು ಗೊತ್ತಲ್ಲ. ಬುಟ್ಟಿಯಲ್ಲಿ ಐಸ್ ಕರಗಿ ರಸ್ತೆಗೆ ಹರಿಯಿತು. ಬಂಗುಡೆಯ ಕಣ್ಣು ಮೊದಲು ಕೆಂಪಾಯಿತು, ಆಮೇಲೆ ಹೊಟ್ಟೆ ಮೆತ್ತಗಾಯಿತು. ಕೊನೆಗೆ ಹೇಗೋ ಒಂದು ಗಾಡಿ ಮಾಡಿಕೊಂಡು ಕುಂದಾಪುರ ಮುಟ್ಟುವಾಗ ಮನೆಗಳಲ್ಲಿ ಊಟದ ಹೊತ್ತು. ಆ ಮೀನನ್ನು ಯಾರು ಕೊಳ್ಳುತ್ತಾರೆ? ಅಷ್ಟರಲ್ಲಿ ವನಜಳ ಮೊಬೈಲಿಗೆ ಯಾರೋ ಒಂದು ವಿಡಿಯೋ ಕಳಿಸಿದ್ದರು. ಕಲ್ಯಾಣಮಂಟಪದ ಅಂಗಳ, ಮಾಲೆ ಹಾಕಿಕೊಂಡ ಬಸ್ಸು, ಅದಕ್ಕೆ ಒರಗಿ ನಿಂತು ಐಸ್‌ಕ್ರೀಂ ತಿನ್ನುತ್ತಿರುವ ಕುಷ್ಟ.

ಹೆಂಗಸರು ಬುಟ್ಟಿಗಳನ್ನು ತಂದು ಸಂಘದ ಆಫೀಸಿನ ಮೆಟ್ಟಿಲ ಮೇಲೆ ಬೋರಲು ಹಾಕಿದರು. ಚಂದಯ್ಯ ಒಳಗಿದ್ದ. ಕಿಟಕಿಯಿಂದ ನೋಡಿದ. ಹೊರಗೆ ಬರಲಿಲ್ಲ. ವನಜ ಯಾರನ್ನೂ ಬೈಯುತ್ತಿರಲಿಲ್ಲ, ಸುಮ್ಮನೆ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರಸಿಕೊಳ್ಳುತ್ತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಯಾವನೋ ಪುಣ್ಯಾತ್ಮ ಮೆಟ್ಟಿಲ ಮೇಲಿನ ಮೀನನ್ನೂ ಕುಷ್ಟನ ಐಸ್‌ಕ್ರೀಮನ್ನೂ ಒಂದೇ ವಿಡಿಯೋದಲ್ಲಿ ಸೇರಿಸಿ ಊರಿಗೆಲ್ಲ ಹಂಚಿದ. ಸಂಜೆಯೊಳಗೆ ಮುಂಬಯಿ, ದುಬೈಗಳಲ್ಲಿದ್ದ ಕುಂದಾಪುರದವರೂ ನೋಡಿ ಕುಷ್ಟನಿಗೆ ಶಾಪ ಹಾಕಿ ಆಗಿತ್ತು.

ಮರುದಿನ ಹೆಗ್ಡೆಯವರು ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮಗಳ ಮದುವೆಯ ಲೆಕ್ಕದಲ್ಲಿ ಒಂದು ಸಣ್ಣ ಬಾಕಿ ತೀರಿಸುವವರ ಹಾಗೆ ಮಾತಾಡಿದರು.

"ನಾವ್ ಕೇಂಡದ್ದ್ ಖಾಲಿ ಇದ್ದ್ ಗಾಡಿ. ಲೈನ್ ಬಿಟ್ಟ್ ಬನಿ ಅಂತ ಯಾರೂ ಹೇಳ್ಲಿಲ್ಲ. ಡ್ರೈವರ್ ನಿಮ್ಗೆಲ್ಲ ಬ್ರೇಕ್‌ಡೌನ್ ಅಂತ ಹೇಳಿ ಕಂಬಿ ಕಿತ್ತ. ಹೌದಲ್ದಾ ಚಂದಯ್ಯ?"

ಚಂದಯ್ಯ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. "ನಾಡಿದ್ದ್ ಮೀಟಿಂಗ್ ಇಡ್ತೆ. ನಿಮ್ ವಿಷ್ಯವೂ ಅಲ್ಲೇ ಮುಗ್ಸುವ" ಎಂದು ಅವರು ಫೋನ್ ಇಟ್ಟರು.

ಮೀಟಿಂಗಿನ ಹಿಂದಿನ ಸಂಜೆ ಕುಷ್ಟ ಚಂದಯ್ಯನ ಮನೆಗೆ ಬಂದ. ಒಳಗೆ ಬಾರದೆ ಜಗಲಿಯ ಅಂಚಿನಲ್ಲಿ ಕೂತ. ಎರಡು ದಿನದಲ್ಲಿ ಮನುಷ್ಯ ಇಳಿದುಹೋಗಿದ್ದ.

"ಹೆಂಗ್ಸ್ರ್ ಮುಖ ಕಾಂಬುಕಾತಿಲ್ಲ ಮಾರಾಯ" ಎಂದ. "ಮಗಳ್ ಮನೆಗೂ ಹೋಪುಕಾತಿಲ್ಲ. ನಾಳೆ ಎಂತ ಕತಿ?"

"ನಾನ್ ಇದ್ನಲ ಮಾರಾಯ. ನೀ ಎಂತಕ್ ತಲೆಬಿಸಿ ಮಾಡ್ಕಂತೆ?"

ಆ ಮಾತು ಹೇಳುವಾಗ ಚಂದಯ್ಯನಿಗೆ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಇದನ್ನು ಯಾರು ನಂಬುತ್ತಾರೋ ಬಿಡುತ್ತಾರೋ, ನಿಜ ಅದೇ. ನಾಳೆ ಎದ್ದು ನಿಂತು, ಗಾಡಿ ಕಳಿಸಿದವನು ನಾನು, ಕಳಿಸಲು ಹೇಳಿದವರು ನೀವು ಎಂದು ಹೆಗ್ಡೆಯವರ ಮುಖಕ್ಕೇ ಹೇಳಬೇಕು ಎಂದು ಅಂದುಕೊಂಡೇ ಮಲಗಿದ. ಬೆಳಿಗ್ಗೆ ಸ್ನಾನ ಮಾಡುವಾಗಲೂ ಅದೇ ಮಾತನ್ನು ಬಾಯಿಪಾಠ ಮಾಡಿದ. ಆಫೀಸಿನ ಮೆಟ್ಟಿಲು ಹತ್ತುವಾಗ ಮಾತ್ರ, ಬಾಗಿಲಲ್ಲೇ ನಿಂತಿದ್ದ ಸುಶಾಂತ "ಬನಿ ಅಂಕಲ್" ಎಂದು ತನ್ನ ಮನೆಗೆ ಕರೆಯುವವನ ಹಾಗೆ ಕರೆದ.

ಮೇಲಿನ ಮೀಟಿಂಗ್ ಹಾಲ್‌ನಲ್ಲಿ ಸಂಘದವರೆಲ್ಲ ಇದ್ದರು. ಡೈರೆಕ್ಟರುಗಳು ಕುರ್ಚಿಯಲ್ಲಿ, ಡ್ರೈವರ್ ಕಂಡಕ್ಟರುಗಳು ಗೋಡೆಗೆ ಒರಗಿ. ಮದುವೆಯ ಬ್ರೇಕ್‌ಡೌನಿಗೆ ಹೋಗದವನು ಆ ಗೋಡೆಯ ಬುಡದಲ್ಲಿ ಒಬ್ಬನೂ ಇರಲಿಲ್ಲ. ಮೆನೇಜರ್ ಹೇಳದೆ ಗಾಡಿಯ ಕೀಲಿ ಯಾರ ಕೈಗೂ ಸಿಗುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಹೆಗ್ಡೆಯವರು ಕೇಳಿದ್ದು ಕುಷ್ಟನನ್ನು.

"ಬ್ರೇಕ್‌ಡೌನ್ ಅಂತ ಫೋನ್ ಮಾಡಿದ್ದ್ ನೀವಾ?"

"ಹೌದ್."

"ಗಾಡಿ ಕೆಟ್ಟಿತ್ತಾ?"

"ಇಲ್ಲೆ."

"ಮತ್ತೆ?"

ಕುಷ್ಟ ಅವರ ಮುಖ ನೋಡಲಿಲ್ಲ. ಚಂದಯ್ಯನ ಕಡೆ ತಿರುಗಿದ. "ನಾನೆಂತ ಹೇಳುದಿಲ್ಲ. ಚಂದಯ್ಯನ್ ಕೇಣಿ. ಅವ ಎಂತ ಹೇಳ್ತ, ಅದೇ ಸಮ."

ಕುಷ್ಟನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬಸ್ಸು ರಿವರ್ಸ್ ತೆಗೆಯುವಾಗ ಹಿಂದೆ ಸೀಟಿ ಊದುವವನು ಇದ್ದಾನೆ ಎಂದಾದರೆ ಡ್ರೈವರ್ ಕನ್ನಡಿ ನೋಡುವುದಿಲ್ಲ, ಹಾಗೆ ನಿಂತಿದ್ದ. ಚಂದಯ್ಯ ಎದ್ದ. ಬಾಯಿಪಾಠ ಮಾಡಿದ ಮಾತು ಗಂಟಲಿನವರೆಗೆ ಬಂತು. ಆಗ ಅವನ ತಲೆಯೊಳಗೆ ಒಬ್ಬ ವಕೀಲ ಎದ್ದು ಕೂತ: ನೀನು ಹೋದರೆ ಸುಶಾಂತ ಬರುತ್ತಾನೆ, ಸುಶಾಂತ ಬಂದರೆ ಆರು ತಿಂಗಳಲ್ಲಿ ಸಂಘವೇ ಇಲ್ಲ, ಇಲ್ಲಿ ನಿಂತಿರುವ ಅಷ್ಟೂ ಜನ ಬೀದಿಗೆ ಬೀಳುತ್ತಾರೆ, ಒಬ್ಬನಿಂದ ಇಷ್ಟು ಜನ ಉಳಿಯುತ್ತಾರಾದರೆ ಅದು ಪಾಪವಲ್ಲ, ಆಡಳಿತ. ಹೇಡಿಗೆ ಯಾವತ್ತೂ ವಕೀಲರ ಬರ ಇಲ್ಲ.

"ಬೆಳಿಗ್ಗೆ ಸ್ಟ್ಯಾಂಡಿಂದ ಫೋನ್ ಬಂತ್, ಬ್ರೇಕ್‌ಡೌನ್ ಅಂತ" ಎಂದ ಚಂದಯ್ಯ. "ನಂಗ್ ಬಂದ ಸುದ್ದಿ ಅಷ್ಟೇ."

ಸುಳ್ಳಲ್ಲ. ಫೋನ್ ಬಂದದ್ದು ನಿಜ. ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಹೇಳಿದ್ದ. ಸತ್ತದ್ದು ಕುಷ್ಟ ಮಾತ್ರ. ಗಂಗೊಳ್ಳಿಯಿಂದ ಬಂದಿದ್ದ ಸುಬ್ಬ ನೆಲ ನೋಡಿದ. ಗೋಡೆಗೆ ಒರಗಿದವರಲ್ಲಿ ಒಬ್ಬನಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಮೆನೇಜರನೇ ಮುಗಿಸಿದ ಮೇಲೆ ತಮಗೇಕೆ ಎಂದುಕೊಂಡರು.

ಕುಷ್ಟ ಒಂದು ಗಳಿಗೆ ಚಂದಯ್ಯನನ್ನೇ ನೋಡಿದ. ಆಮೇಲೆ ತಲೆಯಾಡಿಸಿದ. "ಹಾಂ, ಹಾಂಗಾರೆ ಅದೇ ಸಮ" ಎಂದ. ಹೆಗ್ಡೆ ಏನೋ ಓದಿ ಹೇಳುತ್ತಿದ್ದರು, ಸಂಘದ ಹೆಸರಿಗೆ ಕಳಂಕ, ತಕ್ಷಣದಿಂದ ಕೆಲಸದಿಂದ, ಇತ್ಯಾದಿ. ಅವನು ಅದನ್ನು ಪೂರ್ತಿ ಕೇಳಲೂ ನಿಲ್ಲಲಿಲ್ಲ. ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಅದಾದ ಮೇಲಿನ ವಿಷಯ ಚಂದಯ್ಯನ ಎಕ್ಸ್‌ಟೆನ್ಷನ್. ಯಾರೂ ಬೇಡ ಎನ್ನಲಿಲ್ಲ.

ಚಂದಯ್ಯ ಅಂದುಕೊಂಡದ್ದು, ಸ್ವಲ್ಪ ದಿನ ಹುಡುಗರು ಮುಖ ಉಬ್ಬಿಸಿಕೊಳ್ಳುತ್ತಾರೆ, ಆಮೇಲೆ ಎಲ್ಲ ಸರಿಹೋಗುತ್ತದೆ. ಮುಖ ಯಾರೂ ಉಬ್ಬಿಸಲಿಲ್ಲ. ಎಲ್ಲರೂ ಬಹಳ ಮರ್ಯಾದೆಯಿಂದ ನಡೆದುಕೊಂಡರು. ಅದುವರೆಗೆ "ಚಂದಯ್ಯಣ್ಣ" ಎನ್ನುತ್ತಿದ್ದವರು "ಸರ್" ಎನ್ನತೊಡಗಿದರು. ಸಂಘ ನಡೆಯುತ್ತಿದ್ದದ್ದೇ ಬಾಯಿಮಾತಿನಲ್ಲಿ. ನಾಳೆ ಅವನಿಗೆ ಜ್ವರ, ನೀ ಹೋಗು. ಶಾಲೆ ಬಿಡುವುದು ತಡವಂತೆ, ಒಂಚೂರು ಕಾಯಿ. ದೇವಸ್ಥಾನದಲ್ಲಿ ಚೌತಿಯ ಜನ, ಒಂದು ಟ್ರಿಪ್ ಹೆಚ್ಚು ಹೊಡಿ. ಚಂದಯ್ಯ ಅಂದರೆ ಆಯಿತು. ಈಗ ಯಾವ ಮಾತು ಹೇಳಿದರೂ ಒಂದೇ ಉತ್ತರ: "ಬರ್ದ್ ಕೊಡಿ ಸರ್."

ಜುಲೈಯಲ್ಲಿ ಒಂದು ದಿನ ಹೆದ್ದಾರಿಯಲ್ಲಿ ಟ್ಯಾಂಕರ್ ಮಗುಚಿತು. ಬೈಂದೂರು ಬಸ್ಸು ಜನ ತುಂಬಿಕೊಂಡು ಮಳೆಯಲ್ಲಿ ಸಿಕ್ಕಿಬಿತ್ತು. ಚಂದಯ್ಯ ಡ್ರೈವರ್ ದರ್ಶನನಿಗೆ ಫೋನ್ ಮಾಡಿ, ಹಿಂದೆ ತಿರುಗಿಸಿ ಒಳದಾರಿಯಲ್ಲಿ ಹೋಗು ಎಂದ.

"ಹೋತೆ ಸರ್. ಒಂದ್ ಮೆಸೇಜ್ ಹಾಕಿ."

"ಬಾಯಗೆ ಹೇಳ್ತಾ ಇದ್ನಲ ಮಾರಾಯ! ಜನ ಮಳಿಯಗೆ ಇದ್ರ್!"

"ಬಾಯಗೆ ಹೇಳಿದ್ದ್ ನಾಳೆ ಇರುದಿಲ್ಲ ಅಲ್ದಾ ಸರ್" ಎಂದ ದರ್ಶನ. ವ್ಯಂಗ್ಯವೂ ಇರಲಿಲ್ಲ ಆ ದನಿಯಲ್ಲಿ, ಇವತ್ತು ಮಳೆ ಜೋರು ಎಂದಷ್ಟೇ ಸಲೀಸಾಗಿ ಹೇಳಿದ. ಚಂದಯ್ಯ ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಒತ್ತಿ ಮೆಸೇಜ್ ಕಳಿಸುವವರೆಗೆ ಬಸ್ಸು ನಿಂತಲ್ಲೇ ನಿಂತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಅವನದ್ದು ಅಡಿಕೆಗೂ ಹೋದದ್ದಲ್ಲ, ಒಂದು ಕುರ್ಚಿಗೆ ಹೋದದ್ದು.

ಆಗಸ್ಟಿನಲ್ಲಿ ಮೀನುಗಾರಿಕೆಯ ರಜೆ ಮುಗಿದು ಬೋಟುಗಳು ಕಡಲಿಗಿಳಿದವು. ಗಂಗೊಳ್ಳಿ ಫಸ್ಟ್ ಬಸ್ಸು ಮತ್ತೆ ತುಂಬುತ್ತದೆ ಎಂದು ಚಂದಯ್ಯ ಕಾದ. ಬಸ್ಸು ಖಾಲಿ ಬಂತು. ಮರುದಿನವೂ ಖಾಲಿ. ಹೆಂಗಸರು ಸೇರಿ ವನಜಳ ಅಳಿಯನ ಟೆಂಪೋವನ್ನು ಗೊತ್ತುಮಾಡಿಕೊಂಡಿದ್ದರು. ಅದನ್ನು ಓಡಿಸುವವನು ಕುಷ್ಟ. ಹೆಗ್ಡೆಯವರು ಕೇಳಿಸಿಕೊಂಡು, "ಖಾಲಿ ಓಡ್ಸುದೆಂತಕೆ? ಆ ಟೈಮಿಂಗ್ ಕೇಂಬರ್ ಇದ್ರ್, ಕೊಡ್ವ. ಸುಶಾಂತ ಮಾತಾಡ್ತ" ಎಂದರು. ಅದೊಂದು ಲೈನ್ ಹೋದರೆ ಸಂಘದಲ್ಲಿ ಉಳಿಯುವುದು ಬೋರ್ಡು ಮಾತ್ರ. ಯಾವುದನ್ನು ಉಳಿಸಲೆಂದು ಕುಷ್ಟನನ್ನು ಕೊಟ್ಟನೋ ಅದೇ ಈಗ ಹೊರಟು ನಿಂತಿತ್ತು. ಚಂದಯ್ಯ ಒಂದು ವಾರದ ಗಡುವು ಬೇಡಿಕೊಂಡ. ಹೆಂಗಸರನ್ನು ತಾನೇ ಮಾತಾಡಿಸಿ ವಾಪಸು ತರುತ್ತೇನೆ ಎಂದ.

ಹಾಗಾಗಿ ಒಂದು ಬೆಳಿಗ್ಗೆ ಅವನು ಗಂಗೊಳ್ಳಿಯಲ್ಲಿದ್ದ. ಬಸ್ಸು ಸ್ಟ್ಯಾಂಡಿನಲ್ಲಿ ಬಾಗಿಲು ತೆರೆದು ನಿಂತಿತ್ತು. ಅದರಿಂದ ನಾಲ್ಕು ಮಾರು ಆಚೆ ಟೆಂಪೋ. ಕುಷ್ಟ ಮೇಲೆ ನಿಂತು ಹೆಂಗಸರು ಎತ್ತಿಕೊಡುವ ಬುಟ್ಟಿಗಳನ್ನು ಹಿಡಿದು ಸಾಲಾಗಿ ಇಡುತ್ತಿದ್ದ. ಚಂದಯ್ಯನನ್ನು ಕಂಡ, ಕೆಲಸ ಮುಂದುವರಿಸಿದ. ವನಜ ಮಾತ್ರ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದಳು.

"ಹ್ವಾಯ್, ಮೆನೇಜರ್ರ್ ಅಲ್ದಾ? ನೀವ್ ಎಂತ ಇಷ್ಟ್ ಬೇಗ?"

ಚಂದಯ್ಯ ಹೇಳಬೇಕಾದ್ದನ್ನು ಹೇಳಿದ. ಬಸ್ಸು ನಿಮಗೆಂದೇ ಇರುವುದು, ಇನ್ನೊಂದು ದಿನವೂ ತಪ್ಪುವುದಿಲ್ಲ, ಬುಟ್ಟಿಗೆ ಇನ್ನೊಂದು ಸಾಲು ಸೀಟು ತೆಗೆಸುತ್ತೇನೆ. ವನಜ ತಲೆಯಾಡಿಸುತ್ತಾ ಕೇಳಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ.

"ನಿಮ್ ಮೇಲೆ ನಮ್ಗೆಂತ ಇಲ್ಲೆ, ಕಾಣಿ" ಎಂದಳು. "ನಿಮ್ಗೂ ಅವತ್ತ್ ಮೋಸವೇ ಆದ್ದ್. ಕುಷ್ಟಣ್ಣ ನಮ್ ಮನೆ ಮನೆಗೆ ಬಂದ್ ಕೈ ಮುಗ್ದ. ಮದಿ ಊಟದ್ ಆಸಿಗೆ ನಾನೇ ಬಸ್ ಕೊಂಡ್ಹೋದೆ, ಮೆನೇಜರ್ರಿಗೆ ಒಂದೂ ಗೊತ್ತಿಲ್ಲೆ ಅಂದ. ಅಷ್ಟ್ ವರ್ಷ ಒಟ್ಟಿಗ್ ಇದ್ದೋರಿಗೆ ಅವ ಹಾಂಗ್ ಮಾಡ್ಬಾರ್ದಿತ್ತ್. ನಿಮ್ಗ್ ಎಷ್ಟ್ ಬೇಜಾರಾಯ್ತೋ ಏನೋ."

ಕುಷ್ಟ ಮೀಟಿಂಗಿನಲ್ಲಿ ಸುಮ್ಮನಿದ್ದದ್ದು ಒಂದು. ಆಮೇಲೂ, ಯಾರೂ ಕೇಳದಿದ್ದಾಗಲೂ, ಮನೆ ಮನೆಗೆ ಹೋಗಿ ತನ್ನ ತಲೆಯ ಮೇಲೆ ಎಳೆದುಕೊಂಡನಲ್ಲ. ಇಲ್ಲಿ ಹೆಗ್ಡೆ ಇರಲಿಲ್ಲ, ಸುಶಾಂತ ಇರಲಿಲ್ಲ, ಬೋರ್ಡು ಇರಲಿಲ್ಲ. ಬುಟ್ಟಿ ಹೊತ್ತ ಹತ್ತು ಹೆಂಗಸರ ಎದುರು ಒಂದು ಮಾತು ಹೇಳಿದರೆ ಸಾಕಿತ್ತು: ಅವನಲ್ಲ, ನಾನು. ಹೇಳಿದರೆ ಹೆಂಗಸರು ಉಗಿದು ಅಟ್ಟುತ್ತಾರೆ. ಲೈನು ಹೋಗುತ್ತದೆ. ಹೋಗುವುದು ಹೇಗೂ ಹೋಗುತ್ತಿತ್ತು. ವನಜ ಅವನ ಮುಖವನ್ನೇ ನೋಡುತ್ತಿದ್ದಳು, ಪಾಪ ಎನ್ನುವ ಹಾಗೆ.

"ಹೋಯ್ಲಿ ಬಿಡಿ" ಎಂದ ಚಂದಯ್ಯ. ತನ್ನ ದನಿ ತನಗೇ ದೊಡ್ಡ ಮನುಷ್ಯನದ್ದರ ಹಾಗೆ ಕೇಳಿಸಿತು. "ಮನುಷ್ಯ ಅಂದ್ಮೇಲೆ ತಪ್ಪ್ ಮಾಡ್ತ. ಅವ್ನ್ ಮೇಲೆ ನಂಗೆಂತ ಸಿಟ್ಟಿಲ್ಲೆ."

ವನಜಳ ಮುಖ ಅರಳಿತು. ಇಬ್ಬರು ಹಳೇ ದೋಸ್ತಿಗಳನ್ನು ಕೂಡಿಸಿದ ಪುಣ್ಯ ತನಗೆ ಬಂತು ಎಂದುಕೊಂಡಳೋ ಏನೋ, ಟೆಂಪೋ ಕಡೆ ತಿರುಗಿ ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು.

"ಕುಷ್ಟಣ್ಣ, ಕೇಂಡ್ಯಾ? ಮೆನೇಜರ್ರಿಗೆ ನಿನ್ ಮೇಲೆ ಸಿಟ್ಟಿಲ್ಲೆ ಅಂಬ್ರ್! ಎಲ್ಲ ಬಿಟ್ರಂಬ್ರ್!"

ಟೈಮ್‌ಕೀಪರ್ ಸುಬ್ಬ ತನ್ನ ಗೂಡಿನೊಳಗೆ ಮುಖ ತಿರುಗಿಸಿಕೊಂಡ. ಕುಷ್ಟ ಬುಟ್ಟಿಗಳಿಗೆ ಅಡ್ಡ ಹಗ್ಗ ಬಿಗಿಯುತ್ತಿದ್ದ. ತಿರುಗಿ ನೋಡಲಿಲ್ಲ.

"ಅವ್ರ್ ದೊಡ್ಡವ್ರ್" ಎಂದ. ಗಂಟು ಹಾಕಿ, ಎಳೆದು ನೋಡಿ, ಕೆಳಗೆ ಇಳಿದ. "ಬನಿ ಅಕ್ಕ, ಹೋಪ. ಐಸ್ ಕರಗ್ತ್."

ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ವನಜ ಹತ್ತುವ ಮೊದಲು ಚಂದಯ್ಯನಿಗೆ ಕೈ ಮುಗಿದಳು. ಬಸ್ಸಿನ ವಿಷಯ ಅವಳು ಹೌದು ಎಂದೂ ಹೇಳಿರಲಿಲ್ಲ, ಅಲ್ಲ ಎಂದೂ ಹೇಳಿರಲಿಲ್ಲ. ಕೇಳಲು ಚಂದಯ್ಯನಿಗೆ ಬಾಯಿ ಬರಲಿಲ್ಲ. ಟೆಂಪೋ ಸೇತುವೆಯ ಕಡೆ ತಿರುಗಿ ಹೋಯಿತು. ಸುಬ್ಬ ಸೀಟಿ ಊದಿದ. ಗಂಗೊಳ್ಳಿಯ ಫಸ್ಟ್ ಬಸ್ಸು ಟೈಮಿಗೆ ಸರಿಯಾಗಿ ಹೊರಟಿತು. ಒಳಗೆ ಚಂದಯ್ಯ ಒಬ್ಬನೇ ಇದ್ದ.